ಗುರುವಾರದ ಬೋಳುತಲೆಗಳು

ಕ್ಯಾನ್ಸರ್ ಅಂದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ತಗ್ಗಿಸಿದ ದನಿಯಲ್ಲಿ ಆಡುವ ಆಟಗಳು ಮಾತ್ರ ಯಾವ ನಾಟಕಕ್ಕೂ ಕಡಿಮೆಯಿಲ್ಲ; ನನಗಂತೂ ವಾರಕ್ಕೊಂದು ಸಿಕ್ಕೇ ಸಿಗುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಗಳ ಗಂಟು ಹೊತ್ತು ದೇಶವಿದೇಶದ ಮೇಳ ಸುತ್ತಿದವಳು ನಾನು. ಎಡಗಡೆಯ ಎದೆ ತೆಗೆಸಿಕೊಂಡ ಮೇಲೆ ಊರಿಗೆ ಬಂದು, ಮನೆಯ ಮಗ್ಗದ ಕೋಣೆಯಲ್ಲಿ ಗುರುವಾರ ಗುರುವಾರ ನನ್ನಂಥವರನ್ನು ಸೇರಿಸತೊಡಗಿದೆ. ಕೈ ಎತ್ತುವ ವ್ಯಾಯಾಮ, ಆಸ್ಪತ್ರೆಯ ಚೀಟಿ ಓದಿ ಹೇಳುವುದು, ಭಯವಾದವರ ಜೊತೆಗೆ ಹೋಗುವುದು, ಕಾಫಿ. ಅಳುವುದಕ್ಕೂ ಅವಕಾಶವಿದೆ, ಆದರೆ ಕಾಫಿ ಆರುವುದರೊಳಗೆ ಮುಗಿಸಬೇಕು.

೧. ಮೂರು ಸೀಟು

ಇದು ನನ್ನ ಕೀಮೋ ಕಾಲದ್ದು. ತಲೆಯಲ್ಲಿ ಒಂದು ಕೂದಲಿಲ್ಲ. ಹನೂರಿನಿಂದ ಕೊಳ್ಳೇಗಾಲದ ಬಸ್ಸು ಹತ್ತಿದೆ. ನಮ್ಮ ಕಡೆ ಬೋಳುತಲೆಯ ಹೆಂಗಸು ಅಂದರೆ ಬೆಟ್ಟದ ಮಾದಪ್ಪನಿಗೆ ಹರಕೆಯ ಮುಡಿ ಕೊಟ್ಟು ಬಂದವಳು ಅಂತಲೇ ಲೆಕ್ಕ. ಪಕ್ಕದಲ್ಲಿದ್ದ ಅಜ್ಜಿ ಕೈಮುಗಿದು, ಒಂಚೂರು ಪ್ರಸಾದ ಕೊಡವ್ವ ಅಂದಳು. ಮುಡಿ ಅಲ್ಲಜ್ಜಿ, ಕ್ಯಾನ್ಸರ್ ಅಂದೆ. ಅಜ್ಜಿ ಎದ್ದಳು. ಅವಳ ಪಕ್ಕದವಳೂ ಎದ್ದಳು. ಇಬ್ಬರೂ ಹೋಗಿ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತರು.

ಎಷ್ಟೋ ವಿಮಾನ ಹತ್ತಿ ಇಳಿದಿದ್ದೇನೆ, ಮೂರು ಸೀಟು ಒಬ್ಬಳಿಗೇ ಎಂದೂ ಸಿಕ್ಕಿರಲಿಲ್ಲ. ಕಾಮಗೆರೆ ದಾಟಿದ್ದೂ ಗೊತ್ತಾಗದಂತೆ ಕಾಲು ಚಾಚಿ ನಿದ್ದೆ ಮಾಡಿದೆ.

೨. ಮೊಳಕೆ

ನಮ್ಮ ಗುಂಪಿನಲ್ಲಿ ಯಳಂದೂರಿನ ಟೈಲರಮ್ಮ ಒಬ್ಬಳಿದ್ದಾಳೆ. ಎದೆ ತೆಗೆದ ಜಾಗಕ್ಕೆ, ರವಿಕೆಯೊಳಗೆ ಇಟ್ಟುಕೊಳ್ಳಲು ಬಟ್ಟೆಯ ಪುಟ್ಟ ದಿಂಬು ಹೊಲಿದು ಕೊಡುತ್ತಾಳೆ. ಬರೀ ಹತ್ತಿ ತುಂಬಿದರೆ ತೂಕವಿಲ್ಲದೆ ದಿಂಬು ಕತ್ತಿನ ಹತ್ತಿರ ಏರಿಬಿಡುತ್ತದೆ. ಅದಕ್ಕೆ ನಡುವೆ ಎರಡು ಹಿಡಿ ರಾಗಿ ತುಂಬಿದಳು. ಮೊದಲನೆಯದು ಹೂಗ್ಯಂನಿಂದ ಬರುತ್ತಿದ್ದ ಕೂಲಿ ಹೆಂಗಸಿಗೆ. ಆಗಷ್ಟೇ ಆಪರೇಷನ್ ಆಗಿ, ಕೀಮೋ ಶುರುವಾಗಿತ್ತು.

ಅವಳು ದಿಂಬನ್ನು ಒಗೆದಳು. ಹಗ್ಗದ ಮೇಲೆ ಹಾಕಿದರೆ ಊರು ನೋಡುತ್ತದಲ್ಲ, ಒದ್ದೆಯದನ್ನೇ ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ರಾಗಿ ಮೊಳಕೆ ಕಟ್ಟುವುದೂ ಹೀಗೆಯೇ ಅಲ್ಲವೇ? ಮುಂದಿನ ಗುರುವಾರ ತಂದು ಟೈಲರಮ್ಮನ ಮುಂದಿಟ್ಟಳು. ಹೊಲಿಗೆಯ ಸಂದಿಯಲ್ಲೆಲ್ಲ ಬೆಳ್ಳಗೆ ಮೊಳಕೆ.

"ಅಕ್ಕಾ, ನಮ್ಮೂರು ಕಾಡಂಚು. ಇದು ತೆನೆ ಬುಟ್ರೆ ನನ್ನ ಹುಡುಕ್ಕಂಡು ಆನೆ ಬತ್ತದ."

ಅಂದಿನಿಂದ ಟೈಲರಮ್ಮ ರಾಗಿಯನ್ನು ಹುರಿದೇ ತುಂಬುತ್ತಾಳೆ.

೩. ಎಷ್ಟು ಸಲ ಮುಡಿ?

ಆನೆಯ ಮಾತಾಡಿದ ಆ ಹೆಂಗಸು ಆಮೇಲೊಮ್ಮೆ ಮೂರು ಗುರುವಾರ ಬರಲಿಲ್ಲ. ಆಸ್ಪತ್ರೆಗೂ ಹೋಗಿಲ್ಲವೆಂದು ತಿಳಿಯಿತು. ಇನ್ನು ಎರಡೇ ಕೀಮೋ ಬಾಕಿ. ಈಗ ಬಿಟ್ಟರೆ ಅಷ್ಟು ದಿನ ಸಂಕಟ ಪಟ್ಟದ್ದೆಲ್ಲ ನೀರಲ್ಲಿ ಮಾಡಿದ ಹೋಮ. ಟೈಲರಮ್ಮನನ್ನು ಕಟ್ಟಿಕೊಂಡು ಹೂಗ್ಯಂಗೆ ಹೋದೆ.

ಅಡ್ಡ ನಿಂತಿದ್ದವಳು ಅತ್ತೆ. ಸೊಸೆಯ ಕೂದಲು ಉದುರಿದಾಗ, ಬೆಟ್ಟಕ್ಕೆ ಮುಡಿ ಕೊಟ್ಟಳೆಂದು ಊರಿಗೆಲ್ಲ ಹೇಳಿದ್ದಳು. ಊರು ನಂಬಿತ್ತು. ಆದರೆ ನಾಲ್ಕು ತಿಂಗಳಾದರೂ ಕೂದಲು ಬರಲಿಲ್ಲ. ಎಷ್ಟು ಸಲ ಮುಡಿ ಕೊಡ್ತಾಳೆ, ಅಂಥ ಪಾಪ ಏನು ಮಾಡಿದ್ದಾಳೆ ಅಂತ ನೆರೆಯವರು ಪಿಸುಗುಟ್ಟತೊಡಗಿದರು. ಔಷಧಿ ನಿಲ್ಲಿಸಿದರೆ ಕೂದಲು ಬರುತ್ತದೆ, ಅಲ್ಲಿಯ ತನಕ ಸೊಸೆ ಹೊಸ್ತಿಲು ದಾಟುವುದು ಬೇಡ ಅಂತ ಅತ್ತೆಯ ತೀರ್ಮಾನ. ಕೂದಲು ಬಂದು ಸೊಸೆಯೇ ಹೋಗಿಬಿಟ್ಟರೆ ಅಂತ ಕೇಳಿದೆ. ಅತ್ತೆ ಇನ್ನೊಂದು ಲೋಟ ಕಾಫಿ ತಂದಿಟ್ಟಳು.

ನಮ್ಮನ್ನು ನೋಡಲು ಜಗಲಿಯ ಮುಂದೆ ಏಳೆಂಟು ಹೆಂಗಸರು ಸೇರಿದ್ದರು. ಸೊಸೆ ಒಳಗಿಂದ ಬಂದವಳೇ ತಲೆಯ ಮೇಲಿನ ಸೆರಗು ಜಾರಿಸಿದಳು.

"ನಂಗೆ ಎದೆ ಕ್ಯಾನ್ಸರು. ಒಂದ ಕುಯ್ದು ತಗುದವ್ರ. ಇನ್ನೆಲ್ಡು ಬಾಟ್ಲಿ ಔಸ್ತಿ ಏರುಸ್ಕಬೇಕು. ಕೇಳದೇನಾರ ಇದ್ರ ಈಗ್ಲೇ ಕೇಳ್ಬುಡಿ, ಗುರ್ವಾರ ನಾನು ಊರಲ್ಲಿರಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಮನೆ ಕಡೆ ಹೊರಟರು. ಅತ್ತೆ ಮಾತ್ರ ಕಂಬ ಹಿಡಿದು ಕೂತು, ಮಾದಪ್ಪನ ಹೆಸರಲ್ಲಿ ಸುಳ್ಳು ಹೇಳಿಬಿಟ್ಟೆನಲ್ಲ, ಇನ್ನೇನು ಗತಿ ಅಂತ ಗೋಳಾಡಿದಳು.

"ನೀವೇ ಒಂದು ಮುಡಿ ಕೊಟ್ಬುಡಿ ಅತ್ತೆಮ್ಮ, ಸರೋಯ್ತದ," ಅಂದಳು ಸೊಸೆ.

೪. ಯಾರಿಗೆ ಸೂಜಿ?

ಅವಳು ರೇಗಿಸಲು ಅಂದದ್ದು. ಅತ್ತೆ ನಿಜಕ್ಕೂ ಬೆಟ್ಟ ಹತ್ತಿದಳು. ಆ ಗುರುವಾರ ಬಸ್ಸಿನಿಂದ ಎರಡು ಬೋಳುತಲೆ ಇಳಿದವು, ಒಂದರ ಮೇಲೂ ಸೆರಗಿಲ್ಲ.

ಮೂವರೂ ಆಸ್ಪತ್ರೆಗೆ ಹೋದೆವು. ಸೊಸೆ ಚೀಟಿ ತೋರಿಸಲು ಅತ್ತ ಹೋದಳು. ಅಂದೇ ಕೆಲಸಕ್ಕೆ ಸೇರಿದ್ದ ಸಿಸ್ಟರ್ ಬೋಳುತಲೆ ನೋಡಿದವಳೇ ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಕೈ ತಟ್ಟಿ ತಟ್ಟಿ ನರ ಹುಡುಕತೊಡಗಿದಳು. ಜೊತೆಗೆ ಬಂದವರಿಗೂ ಇಂಥ ಉಪಚಾರ ಇರಬೇಕೆಂದು ಅತ್ತೆ ಕೈ ಚಾಚಿಕೊಂಡು ಸುಖವಾಗಿಯೇ ಇದ್ದಳು. ಅಷ್ಟರಲ್ಲಿ ಸೂಜಿ ಕಂಡಿತು.

ಕ್ಯಾನ್ಸರ್ ಎಂಬ ಪದವನ್ನು ಸ್ವಂತ ಅಡುಗೆಮನೆಯಲ್ಲೂ ಬಾಯಿಬಿಟ್ಟು ಆಡದಿದ್ದ ಆ ಹೆಂಗಸು ಆಸ್ಪತ್ರೆಯ ಮೂರು ಮಹಡಿಗೂ ಕೇಳುವಂತೆ ಕೂಗಿದಳು:

"ನಂದು ಮಾದಪ್ಪಂದು ಕಣವ್ವಾ! ಕ್ಯಾನ್ಸರು ನಮ್ಮ ಸೊಸೇದು!"