ಹಳಸಿದ ರಾಣಿಯ ಮೂರನೆಯ ಸವಾರಿ

"ಪಿಶಾಚಿಗೂ ಒಂದು ಮರ್ಯಾದೆ ಬೇಕು," ಎಂದು ಆಂಬ್ರೋಸ್ ಮಾಸ್ಟ್ರು ಬೆಳಗಿನ ಕಾಫಿಯ ಹೊತ್ತಿಗೆ ಹೆಂಡತಿ ಮಾರ್ಸೆಲಿನ್‌ಗೆ ಸಾರಿದರು. "ಸಿನೆಮಾದ ಮೊದಲನೇ ಭಾಗದಲ್ಲಿ ಬಿಳಿ ಮುಸುಕು ಹಾಕಿಕೊಂಡು ಬಂದಳು. ಎರಡನೇದರಲ್ಲೂ ಅದೇ ಮುಸುಕು. ಈಗ ಮೂರನೇದು ಬಂದಿದೆ, ಪೋಸ್ಟರಿನಲ್ಲಿ ನೋಡಿದರೆ ಮತ್ತೆ ಅದೇ! ಅವಳ ಹತ್ತಿರ ಬೇರೆ ಬಟ್ಟೆ ಇಲ್ವಾ?"

"ಮೀನಿನ ಸಾರು ಮರುದಿನ ಹೆಚ್ಚು ರುಚಿ ಅಂತ ನೀವೇ ಹೇಳುದಲ್ವಾ?"

"ಮರುದಿನ ಸರಿ. ಮೂರನೇ ದಿನ ಹಳಸುದಿಲ್ವಾ? ಇವತ್ತು ನೋಡಿ ಬರ್ತೇನೆ. ನಗಾಡಿಕೊಂಡು ಬರ್ತೇನೆ."

"ಬಂದು ಲಾಟೀನು ಹಿಡಿಯುವವರಿಲ್ಲದೆ ಬಚ್ಚಲಿಗೆ ಹೋಗಿ ತೋರಿಸಿ. ಹಾಗೆ ಹೋದ್ರೆ ನನ್ನ ಅಮ್ಮ ನಾಳೆಯೇ ಕಂಕನಾಡಿಯ ತಮ್ಮ ಮನೆಗೆ ಹೋಗ್ತಾರೆ. ಮತ್ತೆ, ಇವತ್ತು ಚರ್ಚಿನ ಮಾತೆಯ ಮೂರ್ತಿಯನ್ನು ನಮ್ಮ ಮನೆಗೆ ತರುವ ಸರದಿ. ಪ್ರಾರ್ಥನೆಗೆ ತಡ ಮಾಡಬೇಡಿ."

ಮಾಸ್ಟ್ರ ಕಿವಿಗೆ ಬಿದ್ದದ್ದು ಕಂಕನಾಡಿ ಮಾತ್ರ.

ಅದಕ್ಕೆ ಕಾರಣವಿತ್ತು. ಆ ಇಂಗ್ಲಿಷ್ ಚಿತ್ರದ ಮೊದಲ ಭಾಗ ನೋಡಿ ಬಂದಂದಿನಿಂದ ಜೆಪ್ಪುವಿನ ಈ ಶೂರರು ಕತ್ತಲಾದ ಮೇಲೆ ಹಿತ್ತಲಿನ ಬಚ್ಚಲಿಗೆ ಒಬ್ಬರೇ ಹೋಗಿದ್ದಿಲ್ಲ. ಮಾರ್ಸೆಲಿನ್ ಲಾಟೀನು ಹಿಡಿದು ಹೊರಗೆ ನಿಲ್ಲುತ್ತಿದ್ದಳು. ಎರಡನೆಯ ಭಾಗ ಬರುವಷ್ಟರಲ್ಲಿ ಅವಳ ಕೈಯಲ್ಲಿ ಕೂಸಿತ್ತು. ಲಾಟೀನು ಹಿಡಿಯಲೆಂದು ಅವಳ ತಾಯಿ ಮಟಿಲ್ಡಾ ಬಾಯಿ ಬಂದರು. ಬಂದವರು ಹೋಗಲಿಲ್ಲ. ಮಾಸ್ಟ್ರ ಆರಾಮಕುರ್ಚಿ ಅವರದಾಯಿತು. ಮಾಸ್ಟ್ರ ತಟ್ಟೆಗೆ ಬೀಳುತ್ತಿದ್ದ ಅಂಜಲ್ ಮೀನಿನ ತಲೆಯೂ ಅವರದಾಯಿತು. ಕುರ್ಚಿ ಹೋದದ್ದನ್ನು ಹೇಗೋ ಸಹಿಸಬಹುದಿತ್ತು, ತಲೆ ಹೋದದ್ದು ಮಾತ್ರ ಮಾಸ್ಟ್ರ ಹೊಟ್ಟೆ ಉರಿಸುತ್ತಿತ್ತು.

ಮ್ಯಾಟಿನಿಗೆ ಜೊತೆಗಿದ್ದವರು ಶಾಲೆಯ ಡ್ರಾಯಿಂಗ್ ಮಾಸ್ಟ್ರು ಬಾಸಿಲ್. ತೆರೆಯ ಮೇಲೆ ನಡೆಯಬೇಕಾದದ್ದನ್ನೆಲ್ಲ ಆಂಬ್ರೋಸ್ ಮಾಸ್ಟ್ರು ಮೊದಲೇ ಹೇಳತೊಡಗಿದರು. "ಈಗ ಬಾವಲಿ ಬರ್ತದೆ." ಬಂತು. "ಈಗ ಹುಡುಗಿ ಕಿಟಿಕಿ ತೆಗೀತಾಳೆ." ತೆಗೆದಳು. "ಈಗ ಪಾದ್ರಿ ಬೆಳ್ಳುಳ್ಳಿ, ಶಿಲುಬೆ ಹಿಡಿದುಕೊಂಡು ಬರ್ತಾರೆ." ಬಂದರು. ಪಿಶಾಚಿಗಳ ರಾಣಿ ಚೀರಿಕೊಂಡು ಓಡಿದಳು. ಮುಂದಿನ ಸೀಟಿನವನು ತಿರುಗಿ, "ನಿಮಗೆ ಎಲ್ಲ ಗೊತ್ತುಂಟಲ್ಲ, ಮತ್ತೆ ಎಂತಕ್ಕೆ ಟಿಕೆಟ್ ತೆಗೆದದ್ದು?" ಎಂದು ಕೇಳಿದ.

ಹೊರಗೆ ಬಂದು ಬಾಸಿಲ್ ಕೇಳಿದರು, "ನಾಲ್ಕನೇ ಭಾಗ ಬರಬಹುದಾ?"

"ಬೇಡ ಮಾರಾಯ. ರಾಣಿಗೆ ಪೆನ್ಶನ್ ಕೊಟ್ಟು ಕೂರಿಸಲಿ."

ಈ ಧೈರ್ಯ ಮನೆಯ ಗೇಟಿನವರೆಗೆ ಚೆನ್ನಾಗಿಯೇ ಇತ್ತು. ಮನೆಯೊಳಗೆ ಯಾರೂ ಇರಲಿಲ್ಲ. ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ಸಣ್ಣಗೆ ಮಳೆ ಹನಿಯುತ್ತಿತ್ತು. ಮಾಸ್ಟ್ರು ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕುಳಿತರು. ಬಚ್ಚಲಿಗೆ ಆಮೇಲೆ ಹೋಗಬಹುದು, ಅವಸರವೇನು ಎಂದುಕೊಂಡರು.

ಆಗ ಓಣಿಯ ಕೊನೆಯಲ್ಲಿ ಗುಂಯ್‌ಗುಡುವ ಸದ್ದು ಕೇಳಿಸಿತು. ಕಿಟಿಕಿಯಿಂದ ಇಣುಕಿದರೆ ಎರಡು ಸಾಲು ಮಿಣುಕು ದೀಪ. ಅವುಗಳ ನಡುವೆ, ಜನರ ತಲೆಗಿಂತಲೂ ಎತ್ತರದಲ್ಲಿ, ಬಿಳಿ ಮುಸುಕಿನ ಒಂದು ಹೆಣ್ಣು ತೇಲಿಕೊಂಡು ನೇರ ಇವರ ಗೇಟಿಗೇ ಬರುತ್ತಿತ್ತು.

ಮಾಸ್ಟ್ರು ಬಾಗಿಲಿಗೆ ಅಗುಳಿ ಹಾಕಿ, ಕುರ್ಚಿಯನ್ನು ಅಡ್ಡ ತಳ್ಳಿ, ಓಡಿ ಹೋಗಿ ಅಡುಗೆಮನೆಯಿಂದ ಬೆಳ್ಳುಳ್ಳಿಯ ಗೊಂಚಲನ್ನೂ ದೇವರ ಪೀಠವಾದ ಅಲ್ತಾರಿನಿಂದ ಶಿಲುಬೆಯನ್ನೂ ಕಿತ್ತು ತಂದರು. ಎರಡನ್ನೂ ಕಿಟಿಕಿಯ ಸರಳಿನಿಂದ ಹೊರಗೆ ಚಾಚಿ ಕಣ್ಣು ಮುಚ್ಚಿ ಕೂಗಿದರು, "ಒಳಗೆ ಬರಬೇಡ! ಬಂದ ದಾರಿಯಲ್ಲೇ ಹೋಗು!"

ಗುಂಯ್‌ಗುಡುತ್ತಿದ್ದ ಜಪ ನಿಂತಿತು. ಅಂಗಳದಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದ ಇಡೀ ಕೇರಿಯೇ ಮಾಸ್ಟ್ರನ್ನು ನೋಡಿತು. ಪಲ್ಲಕ್ಕಿಯ ಮೇಲಿನ ಮಾತೆಗೆ ಮಳೆ ತಾಗದಂತೆ ಹೊದಿಸಿದ್ದ ಬಿಳಿ ಬಟ್ಟೆ ಗಾಳಿಗೆ ಮೆಲ್ಲಗೆ ಅಲುಗಾಡಿತು.

"ಮಾಸ್ಟ್ರೇ," ಎಂದರು ಕೇರಿಯ ಕ್ರೈಸ್ತ ಮನೆಗಳ ಮುಖಂಡ, ಗುರ್ಕಾರ್ ಜೊಕಿಮ್. "ಮಾತೆ ಬಂದಿದ್ದಾಳೆ. ಬಾಗಿಲು ತೆಗೀರಿ."

"ಯಾವ ಮಾತೆ?"

"ಯಾವ ಮಾತೆ ಅಂದ್ರೆ ಎಂತ? ಉಳಿದ ಮನೆಗಳಲ್ಲಿ ಹೂ ಹಾಕಿ ಕರೆದ್ರು. ಬೆಳ್ಳುಳ್ಳಿ ತೋರಿಸಿದ್ದು ನೀವೊಬ್ಬರೇ."

ಬಾಗಿಲು ತೆರೆಯಿತು. ಮಾಸ್ಟ್ರಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಮಾರ್ಸೆಲಿನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಯೋ ನಗುವೋ ಹೇಳುವುದು ಕಷ್ಟವಾಗಿತ್ತು. ಮಟಿಲ್ಡಾ ಬಾಯಿ ಮಾತ್ರ ಮುಂದೆ ಬಂದು ಬೆಳ್ಳುಳ್ಳಿ ಹಿಡಿದಿದ್ದ ಅಳಿಯನ ಕೈ ಬಿಡಿಸಿದರು. "ಕೊಡು ಪುತಾ, ನಾಳೆ ಒಗ್ಗರಣೆಗೆ ಬೇಕು."

ಪ್ರಾರ್ಥನೆ ಮುಗಿಯಿತು. ಹೊರಡುವಾಗ ಜೊಕಿಮ್ ಹೇಳಿದರು, "ಮಾತೆಯನ್ನು ನಾಳೆ ಮುಂದಿನ ಮನೆಗೆ ಕರ್ಕೊಂಡು ಹೋಗ್ತೇವೆ. ಮಟಿಲ್ಡಾ ಬಾಯಿ, ನೀವೂ ನಾಳೆ ಹೊರಡುದಂತೆ?"

ಮಟಿಲ್ಡಾ ಬಾಯಿ ಮಾತೆಯ ಕಡೆಗೊಮ್ಮೆ, ಮಾಸ್ಟ್ರ ಕಡೆಗೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಅವಳು ಹೋಗಬಹುದು ಗುರ್ಕಾರ್ರೇ. ಅವಳಿಗೆ ಅಳಿಯ ಇಲ್ಲವಲ್ಲ."