ಮ್ಯಾನೇಜರರ ಒಂದು ಒಳ್ಳೆಯ ಮಾತು

ಇಪ್ಪತ್ತೊಂದು ವರ್ಷಗಳಿಂದ ಒಂದೇ ಅನುದಾನಿತ ಶಾಲೆಯಲ್ಲಿ ಮೂರನೇ ತರಗತಿಯ ಮಾಷ್ಟ್ರಾಗಿದ್ದೇನೆ. ಪಾಠ ಮಾಡುವುದೆಂದರೆ ನನಗೆ ಬಹಳ ಇಷ್ಟ. ಅದು ಶಾಲೆಯ ಒಡೆಯರಾದ ನಮ್ಮ ಮ್ಯಾನೇಜರರ ಕಣ್ಣಿಗೆ ಬೀಳದ ಹಾಗೆ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಫ್ಯಾನು

ಪ್ರತಿ ಸಲ ಶಾಲೆಯ ವಾರ್ಷಿಕೋತ್ಸವದ ಸಂಜೆ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದಳು: "ಇವತ್ತಾದರೂ ಮ್ಯಾನೇಜರರು ನಿಮ್ಮ ಬಗ್ಗೆ ಎಂತಾದರೂ ಹೇಳಿದರಾ?"

ಒಂದು ವರ್ಷ ಮ್ಯಾನೇಜರರು ಅಡುಗೆಯವರಿಗೆ, ಮೈಕಿನವರಿಗೆ, ಬಾರದ ಮಳೆಗೆ ಕೂಡ ಕೃತಜ್ಞತೆ ಹೇಳಿದರು. ಕೊನೆಗೆ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ನೆಟ್ಟಗೆ ಕೂತೆ.

"ಮಾಷ್ಟ್ರೇ, ಫ್ಯಾನಿನ ಎದುರಿಂದ ಸ್ವಲ್ಪ ಸರಿಯಿರಿ."

ಹೆಂಡತಿಗೆ, ನನ್ನ ಬಗ್ಗೆ ಒಂದು ಮಾತು ಹೇಳಿದರು ಎಂದೆ. ಸುಳ್ಳಲ್ಲ.

೨. ಬಸ್ಸು

ಮೇ ತಿಂಗಳಲ್ಲಿ ನಾವು ಮನೆಮನೆಗೆ ಹೋಗಿ ಮಕ್ಕಳನ್ನು ನಮ್ಮ ಶಾಲೆಗೆ ಕಳಿಸಿ ಎಂದು ಕೇಳಬೇಕು. ಮಕ್ಕಳು ಕಡಿಮೆಯಾದರೆ ಕನ್ನಡ ಮಾಧ್ಯಮದ ಡಿವಿಜನ್ನೇ ಮುಚ್ಚಿಹೋಗುತ್ತದೆ. ಪೈವಳಿಕೆಯ ಒಂದು ಮನೆಯಲ್ಲಿ ಬ್ಯಾರಿ ಅಜ್ಜಿಯೊಬ್ಬರು ಸರ್ಬತ್ತು ಕೊಟ್ಟು, ಇಂಗ್ಲಿಷ್ ಶಾಲೆಯವರಿಗೆ ಬಸ್ಸು ಉಂಟು, ನಿಮ್ಮಲ್ಲಿ ಎಂತ ಉಂಟು ಎಂದು ವಿಚಾರಿಸಿದರು. ನಾನಿದ್ದೇನೆ ಎಂದೆ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಅದು ಸರಿ ಮಾಷ್ಟ್ರೇ. ಬಸ್ಸು ಯಾವಾಗ ಬರ್ತದೆ?"

ಆದರೂ ಮೊಮ್ಮಗಳನ್ನು ಕಳಿಸಿದರು. ಆ ವರ್ಷ ಡಿವಿಜನ್ ಉಳಿಯಿತು. ಮ್ಯಾನೇಜರರು ಶಾಲು ಹೊದೆಸಿದ್ದು ಗೇಟಿಗೆ ಬಣ್ಣ ಹೊಡೆದವನಿಗೆ. ಬಣ್ಣ ನೋಡಿಯೇ ಮಕ್ಕಳು ಬಂದರಂತೆ.

೩. ಸಂತಾಪ

ಕಳೆದ ವರ್ಷ ಹೆಂಡತಿ ತೀರಿಕೊಂಡಳು. ಮೂರನೇ ದಿನ ನಾನು ಹಿಂದುಗಡೆ ಲೋಟ ತೊಳೆಯುತ್ತಿದ್ದಾಗ ಜಗಲಿಯಲ್ಲಿ ಮ್ಯಾನೇಜರರ ದನಿ ಕೇಳಿತು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರಿನ ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದನ್ನು ನೋಡಿ, ಹೋದದ್ದು ನಾನೇ ಎಂದು ಅವರು ತಿಳಿದಿದ್ದರು.

ನನ್ನ ಭಾವನಿಗೆ ಬಾಯಿ ತೆರೆಯಲು ಎಡೆ ಕೊಡದೆ ಹೇಳುತ್ತಿದ್ದರು: ಇಂಥ ಮಾಷ್ಟ್ರು ಇನ್ನು ಸಿಗಲಿಕ್ಕಿಲ್ಲ. ಅವರು ಬೋರ್ಡಿನಲ್ಲಿ ಬರೆದದ್ದನ್ನು ಒರೆಸಲು ಮನಸ್ಸು ಬರುವುದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ತಾನು ಆ ಕ್ಲಾಸಿಗೆ ಹೋಗಿ ನೋಡುವುದುಂಟು.

ಅವಳಿಗೆ ಹೇಳಬೇಕೆಂದು ಒಳಕೋಣೆಯ ಕಡೆ ಎರಡು ಹೆಜ್ಜೆ ಇಟ್ಟೆ. ನಿಂತೆ. ಮತ್ತೆ ಚಹಾ ಹಿಡಿದು ಜಗಲಿಗೆ ಬಂದೆ.

ಮ್ಯಾನೇಜರರು ನನ್ನನ್ನು ನೋಡಿದರು, ಭಾವನನ್ನು ನೋಡಿದರು, ಚಹಾವನ್ನು ನೋಡಿದರು. ವಿಷಯ ತಿಳಿದ ಮೇಲೆ ನನ್ನ ಕೈ ಹಿಡಿದು ತುಂಬ ಹೊತ್ತು ಬಿಡಲಿಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ಮೆಲ್ಲ ಕೇಳಿದರು, ತಾನು ಹೇಳಿದ್ದೆಲ್ಲ ಕೇಳಿತೋ ಎಂದು. ಕೇಳಿತು ಎಂದೆ.

"ಶಾಲೆಯಲ್ಲಿ ಯಾರಿಗೂ ಹೇಳಬೇಡಿ ಮಾರಾಯರೆ. ಬದುಕಿರುವಾಗಲೇ ಒಳ್ಳೆ ಮಾತು ಹೇಳಿದೆ ಅಂತ ಗೊತ್ತಾದರೆ ಉಳಿದವರೂ ಕೇಳ್ತಾರೆ."