ಈ ಸ್ಟ್ಯಾಂಡು ತಡೆಯುತ್ತಾ ಸಾರ್?

ಸಾಕುವ ಮೀನಿನ ಅಂಗಡಿ ಇಟ್ಟವನಿಗೆ ವಾರಕ್ಕೊಮ್ಮೆಯಾದರೂ ಮೈ ಉರಿಯದಿದ್ದರೆ, ಆ ವಾರ ಅಂಗಡಿ ಬಾಗಿಲು ತೆಗೆದಿಲ್ಲ ಅಂತಲೇ ಅರ್ಥ. ಕತ್ರಿಗುಪ್ಪೆಯಲ್ಲಿ ಹದಿನೈದು ವರ್ಷದಿಂದ ಟ್ಯಾಂಕು ಮಾರುತ್ತಿದ್ದೇನೆ. ನಾನು ಕೂರಿಸಿದ ಟ್ಯಾಂಕು ಇವತ್ತಿನವರೆಗೆ ಒಂದೂ ಬಿದ್ದಿಲ್ಲ. ನನಗಿರುವ ಮರ್ಯಾದೆ ಅದೊಂದೇ. ನಾಲ್ಕಡಿ ಟ್ಯಾಂಕು ಅಂದರೆ ನೀರು, ಗಾಜು, ಕಲ್ಲು ಸೇರಿ ಮುನ್ನೂರು ಕೇಜಿ ದಾಟುತ್ತದೆ. ಕಬ್ಬಿಣದ ಸ್ಟ್ಯಾಂಡು ವೆಲ್ಡಿಂಗ್ ಮಾಡಿಸದೆ ನಾನು ಒಂದು ಚೊಂಬು ನೀರನ್ನೂ ಹುಯ್ಯುವುದಿಲ್ಲ. ಜನ ಮಾತ್ರ ಫೋನಿನಲ್ಲಿ ಚಿತ್ರ ನೋಡಿ, ಮರದ ಪುಡಿ ಒತ್ತಿ ಮಾಡಿದ ಹಲಗೆಯ ಸ್ಟ್ಯಾಂಡು ತರಿಸಿಕೊಂಡು, ಆಮೇಲೆ ನನ್ನನ್ನು ಕೇಳುತ್ತಾರೆ.

ಇವರ ಮಧ್ಯೆ ನನ್ನ ಹೆಂಡತಿ ಬೇರೆ. ನಮ್ಮ ಮನೆಗೂ ಒಂದು ಟ್ಯಾಂಕು ಬೇಕು ಅಂತ ಹತ್ತು ವರ್ಷದಿಂದ ಕೇಳುತ್ತಿದ್ದಾಳೆ. "ಮೊದಲು ಒಳ್ಳೇ ಸ್ಟ್ಯಾಂಡು ಮಾಡಿಸ್ತೀನಿ ತಡಿ" ಅಂತ ನಾನೂ ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಗಿರಿನಗರದ ಅಂಕಲ್

ಟ್ಯಾಂಕು ಕೊಡುವ ಮೊದಲು ಮನೆಗೆ ಹೋಗಿ ಜಾಗ ನೋಡುವುದು ನನ್ನ ಪದ್ಧತಿ. ಗಿರಿನಗರದಲ್ಲಿ ರಿಟೈರಾದ ಒಬ್ಬರು ಹೊಸ ಸ್ಟ್ಯಾಂಡು ತೋರಿಸಿದರು. ಬಿಳಿ ಬಣ್ಣ, ಎರಡು ಬಾಗಿಲು, ನಾಲ್ಕು ಗಿಡ್ಡ ಕಾಲು. ಬೆರಳಲ್ಲಿ ತಟ್ಟಿದರೆ ರಟ್ಟಿನ ಸದ್ದು.

"ನಾಲ್ಕಡಿ ಟ್ಯಾಂಕು ತಡೆಯುತ್ತಾ?" ಅಂದರು.

"ತಡೆಯಲ್ಲ ಸಾರ್."

"ನಾನೇ ಮೇಲೆ ಕೂತು ನೋಡಿದೀನಪ್ಪಾ. ಎಂಬತ್ತು ಕೇಜಿ ಇದೀನಿ."

ನನಗೆ ಕೋಪ ನೆತ್ತಿಗೇರಿತು. "ನಿಮ್ಮಂಥ ನಾಲ್ಕು ಜನ ಕೂರಬೇಕು ಸಾರ್. ಅದೂ ವರ್ಷಗಟ್ಟಲೆ, ಅಲುಗಾಡದೆ! ಮನುಷ್ಯ ಆದವನು ಹಾಗೆ ಕೂರೋಕಾಗುತ್ತಾ?"

ಅಡುಗೆಮನೆಯಿಂದ ಆಂಟಿ ದನಿ ಬಂತು: "ಇವರಿಗೆ ಆಗುತ್ತಪ್ಪಾ. ರಿಟೈರಾದಾಗಿಂದ ಆ ಸೋಫಾ ಮೇಲೆ ಹಾಗೇ ಕೂತಿದಾರೆ."

ಇವರನ್ನು ನಂಬಬಾರದು ಅನ್ನಿಸಿತು. ಬಾಗಿಲ ಒಳಮೈಗೆ ಮಾರ್ಕರ್‌ನಲ್ಲಿ "ಇದರ ಮೇಲೆ ದೊಡ್ಡ ಟ್ಯಾಂಕು ಇಡಬಾರದು" ಅಂತ ದಪ್ಪಕ್ಕೆ ಬರೆದೆ. ಸಿಟ್ಟು ಇಳಿಯಲಿಲ್ಲ. ಬಿಲ್ಲಿಗೆ ಹಾಕುವ ಅಂಗಡಿಯ ಸೀಲನ್ನು ಬ್ಯಾಗಿನಿಂದ ತೆಗೆದು ಆ ಸಾಲಿನ ಕೆಳಗೆ ದಬ್ ಅಂತ ಒತ್ತಿ ಬಂದೆ.

ಜೆ.ಪಿ. ನಗರದ ಮೇಡಂ

ಎರಡು ತಿಂಗಳ ಮೇಲೆ ಜೆ.ಪಿ. ನಗರದ ಮೇಡಂ ಒಬ್ಬರು ಕರೆದರು. ಹೋಗಿ ನೋಡಿದರೆ ಅದೇ ಬಿಳಿ ಸ್ಟ್ಯಾಂಡು! ಅಂಕಲ್ ಅದನ್ನು ಹಳೇ ಸಾಮಾನಿನ ಆ್ಯಪ್‌ನಲ್ಲಿ ಮಾರಿದ್ದರು, ಇವರು ಕೊಂಡಿದ್ದರು. ಈಶಾನ್ಯ ಮೂಲೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೊಸ ಕಾರಿಗೆ ಇಡುವ ಹಾಗೆ ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು.

ನಾನು ಬಾಗಿಲು ತೆರೆದು ನನ್ನದೇ ಅಕ್ಷರ ತೋರಿಸಿದೆ. "ಇದನ್ನ ಓದ್ಲಿಲ್ವಾ ಮೇಡಂ?"

"ಓದಿದೀನಿ. ಆದ್ರೆ ಅದು ಬಾಗಿಲ ಒಳಗಡೆಗೆ ಬರೆದಿರೋದು. ನಾವು ಟ್ಯಾಂಕ್ ಇಡೋದು ಮೇಲ್ಗಡೆ ಅಲ್ವಾ?"

ಕೋಣನ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನವಿಲ್ಲ ಅಂತ ಎದ್ದು ಬಂದೆ. ಟ್ಯಾಂಕು ಕೊಡಲಿಲ್ಲ.

ಬಿ.ಟಿ.ಎಂ.ನ ಮೂವರು

ಹುಬ್ಬಳ್ಳಿ ಕಡೆಯ ಮೂವರು ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಾರೆ, ಆಫೀಸಿಗೆ ಹೋಗುವವರು. ಕರೆದರು ಅಂತ ಮೆಟ್ಟಿಲು ಹತ್ತಿ ಹೋದರೆ, ಹಾಲಿನಲ್ಲಿ ಮತ್ತೆ ಅದೇ ದರಿದ್ರ! ಮೇಡಂ ಕೂಡ ಮಾರಿಬಿಟ್ಟಿದ್ದರು.

"ಈ ಪೀಡೇನ ನೋಡ್ತಿರೋದು ಇದು ಮೂರನೇ ಸಲ!" ಅಂತ ಕೂಗಿದೆ.

"ಸಿಟ್ಟ ಆಗಬ್ಯಾಡ್ರೀ ಸರ. ಮೂರೂ ಮಂದಿ ಮ್ಯಾಲ ಹತ್ತಿ ಕುಣದೀವಿ. ಏನೂ ಆಗಿಲ್ಲ, ಗಟ್ಟಿ ಐತ್ರಿ."

ಬಾಯಲ್ಲಿ ಹೇಳಿ ಸಾಕಾಗಿತ್ತು. ಒಂದು ಮಗ್ ನೀರು ತಂದು ಹಲಗೆಯ ಅಂಚಿಗೇ ಸುರಿದೆ. ಅವರು ಪಾಪ, ಚಹಾ ಮಾಡಿಕೊಟ್ಟರು, ಚುರುಮುರಿ ಕೊಟ್ಟರು. ಒಂದು ಗಂಟೆ ಹರಟಿ ಎದ್ದು ನೋಡಿದರೆ ಒಂದು ಮೂಲೆ ಪೂರಿಯ ಹಾಗೆ ಉಬ್ಬಿತ್ತು.

"ನೋಡಿದ್ರಾ? ನೀರು ಬಿದ್ರೆ ಇದರ ಗತಿ ಇಷ್ಟೇ!"

ಮೂವರೂ ಬಗ್ಗಿ ನೋಡಿದರು. ಒಬ್ಬ ಸಮಾಧಾನವಾಗಿ ಹೇಳಿದ: "ನೀವು ಹೊರಗ ಹಾಕೀರಿ ಸರ. ನಾವು ನೀರನ್ನ ಟ್ಯಾಂಕಿನ ಒಳಗ ಹಾಕ್ತೀವ್ರೀ."

"ಇದನ್ನ ಒಡೆದು ಕಸಕ್ಕೆ ಹಾಕಿ" ಅಂತ ಕೈ ಮುಗಿದೆ. ಆಯ್ತು ಅಂತ ತಲೆಯಾಡಿಸಿದರು.

ನಮ್ಮ ಮನೆ

ಹೋದ ವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಹಾಲಿನಲ್ಲಿ ಬಿಳಿ ಸ್ಟ್ಯಾಂಡು. ಎರಡು ಬಾಗಿಲು, ನಾಲ್ಕು ಗಿಡ್ಡ ಕಾಲು, ಉಬ್ಬಿದ ಒಂದು ಮೂಲೆ. ಮಹಡಿಯಲ್ಲಿದ್ದ ನನ್ನ ಸ್ಟಾಕಿನ ನಾಲ್ಕಡಿ ಟ್ಯಾಂಕು ಪಕ್ಕದಲ್ಲೇ ನೆಲದ ಮೇಲಿತ್ತು. ನಲ್ಲಿಯಿಂದ ಪೈಪು ಕೂಡ ಎಳೆದಾಗಿತ್ತು.

"ಇದನ್ನ ಯಾರೇ ತರ್ಸು ಅಂದಿದ್ದು?" ಬೀದಿಗೆ ಕೇಳುವ ಹಾಗೆ ಕಿರುಚಿದೆ.

ಹೆಂಡತಿ ಅದಕ್ಕಿಂತ ಜೋರಾಗಿ ಕಿರುಚಿದಳು. "ಹತ್ತು ವರ್ಷ ಕಾದೆ ಕಣ್ರೀ! ಊರೋರಿಗೆಲ್ಲ ಟ್ಯಾಂಕು, ನನಗೆ ಬರೀ ತಡಿ, ತಡಿ. ಅದಕ್ಕೇ ಆ್ಯಪ್‌ನಲ್ಲಿ ನಾನೇ ತರಿಸ್ದೆ."

"ಕೆಟ್ಟ ಸ್ಟ್ಯಾಂಡು ಕಣೇ ಇದು!"

"ಕೆಟ್ಟದ್ದಾ? ನೀವೇ ಪಾಸ್ ಮಾಡಿದೀರಲ್ಲ!" ಅಂತ ಬಾಗಿಲು ತೆರೆದಳು. ನಾನು ಬರೆದ ಸಾಲಿನ ಮೇಲೆ ಯಾರೋ ಗುಲಾಬಿ ಹೂವಿನ ಉದ್ದನೆ ಸ್ಟಿಕ್ಕರ್ ಅಂಟಿಸಿದ್ದರು. ಕೆಳಗೆ ನನ್ನ ಅಂಗಡಿಯ ಸೀಲು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಫೋನನ್ನೂ ನನ್ನ ಮುಖಕ್ಕೆ ಹಿಡಿದಳು. ಬಿ.ಟಿ.ಎಂ.ನವರು ಜಾಹೀರಾತಿನಲ್ಲಿ ಹಾಕಿದ್ದರು: "ಕತ್ರಿಗುಪ್ಪೆಯ ಅಕ್ವೇರಿಯಂ ಅಂಗಡಿಯವರು ಮೂರು ಸಲ ಖುದ್ದಾಗಿ ಬಂದು ನೋಡಿದ್ದಾರೆ."

ಒಂದೂ ಸುಳ್ಳಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಹಿಂದೆ ಇದ್ದದ್ದರ ಮೇಲೆ ಧೊಪ್ಪನೆ ಕುಸಿದು ಕೂತು ತಲೆ ಹಿಡಿದುಕೊಂಡೆ.

ಹೆಂಡತಿ ಬಗ್ಗಿ ಸ್ಟ್ಯಾಂಡಿನ ನಾಲ್ಕೂ ಕಾಲು ನೋಡಿದಳು. ಸಮಾಧಾನವಾಗಿ ಪೈಪನ್ನು ಕೈಗೆತ್ತಿಕೊಂಡಳು.

"ನೋಡಿ, ನೀವೇ ಕೂತ್ರೂ ಏನೂ ಆಗ್ಲಿಲ್ಲ. ಏಳಿ, ನೀರು ತುಂಬ್ಸೋಣ."